ಕೆಂಗಲ್‌ನಲ್ಲಿ ಕಟ್ಟಿದ ಹಾರ

ಬಾಲರಾಜು ಕಟ್ಟಿದ ಇಂಜಿನ್ ಯಾರ ಕಾರಿನಲ್ಲೇ ಕೂರಲಿ, ಅದು ಮೊದಲು ಹೋಗುವುದು ಕೆಂಗಲ್ ಆಂಜನೇಯನ ಗುಡಿಗೆ. ಇಪ್ಪತ್ತೆರಡು ವರ್ಷಗಳಿಂದ ಇದು ತಪ್ಪಿಲ್ಲ. ಚನ್ನಪಟ್ಟಣದಲ್ಲಿ ಹಳೇ ಮೈಸೂರು ರಸ್ತೆಯ ಮೇಲೆ ಬೊಂಬೆ ಅಂಗಡಿಗಳ ಸಾಲು ಮುಗಿದ ಮೇಲೆ ಬಲಕ್ಕೆ ತಗಡು ಹೊದಿಸಿದ ಒಂದು ಶೆಡ್ಡಿದೆ. ಅದೇ ಅವನ ಗ್ಯಾರೇಜು, ಅದರ ಹಿಂದೆಯೇ ಮನೆ. ಬೋರ್ಡು ಹಾಕಿಸಿಲ್ಲ. ಹಳೇ ಬೀಟಲ್ ಕಾರುಗಳನ್ನು ಮಕ್ಕಳಂತೆ ಸಾಕಿಕೊಂಡಿರುವ ಬೆಂಗಳೂರಿನವರು ಕೇಳಿಕೊಂಡು ಕೇಳಿಕೊಂಡು ಅಲ್ಲಿಗೆ ಬರುತ್ತಾರೆ.

ಆ ಕಾರುಗಳ ಇಂಜಿನ್ ಇರುವುದು ಹಿಂದೆ. ಅದಕ್ಕೆ ರೇಡಿಯೇಟರ್ ಇಲ್ಲ, ನೀರು ಹಾಕುವಂತಿಲ್ಲ. ನಾಲ್ಕು ಸಿಲಿಂಡರುಗಳು ಎಡಕ್ಕೆರಡು ಬಲಕ್ಕೆರಡು ಮಲಗಿರುತ್ತವೆ. ಮೇಲೊಂದು ತಗಡಿನ ಗೂಡು, ಅದರೊಳಗೊಂದು ಫ್ಯಾನು. ಫ್ಯಾನು ಹೊರಗಿನ ಗಾಳಿಯನ್ನೆಳೆದು ಸಿಲಿಂಡರುಗಳ ಮೇಲೆ ಊದುತ್ತದೆ. ಅಷ್ಟೇ ಅದರ ತಂಪು. ಸಾತನೂರಿನ ಹತ್ತಿರದ ಹಳ್ಳಿಯಲ್ಲಿ ಹಿಪ್ಪುನೇರಳೆ ಬೆಳೆದು ಎರಡು ಹಸು ಕಟ್ಟಿಕೊಂಡಿದ್ದ ಅವನ ಅಪ್ಪನಿಗೆ ಇದು ಕೊನೆಯವರೆಗೂ ತಮಾಷೆಯ ವಿಷಯವಾಗಿತ್ತು. ಪಿಯುಸಿ ಫೇಲಾಗಿ ಬೆಂಗಳೂರಿನ ಗ್ಯಾರೇಜು ಸೇರಿದ ಮಗ ಮೊದಲ ಸಲ ಊರಿಗೆ ಬಂದು ವಿವರಿಸಿದಾಗ, "ನೀರೇ ಕುಡೀದ ಇಂಜಿನ್ನಾ? ಹಂಗಾದ್ರೆ ನಮ್ ಬೋರ್‌ವೆಲ್ಲೂ ಅದೇ ಕಂಪ್ನೀದು ಕಣ್ಲಾ. ಅದ್ರಲ್ಲೂ ಬರೀ ಗಾಳಿ ಬತ್ತದೆ" ಅಂದಿದ್ದ.

ಬರುವವರಿಗೆ ಬರೀ ರಿಪೇರಿ ಸಾಲದು. ಹಳೇ ಇಂಜಿನ್ನು ಏರು ಕಂಡರೆ ಏದುಸಿರು ಬಿಡುತ್ತದೆ, ಈಗಿನ ರಸ್ತೆಯಲ್ಲಿ ಲಾರಿಗಳೂ ಹಾರ್ನ್ ಹೊಡೆದು ಮುಂದೆ ಹೋಗುತ್ತವೆ. ಅದಕ್ಕೇ ಹದಿಮೂರುನೂರು ಸಿ.ಸಿ.ಯದನ್ನು ಬಿಚ್ಚಿ, ದೊಡ್ಡ ಪಿಸ್ಟನ್ ದೊಡ್ಡ ಸಿಲಿಂಡರ್ ಕೂರಿಸಿ, ಹದಿನೇಳುನೂರ ಎಪ್ಪತ್ತಾರು ಮಾಡಿಸಿಕೊಳ್ಳುತ್ತಾರೆ. ಹೊರಗಿನಿಂದ ನೋಡಿದರೆ ಅದೇ ಇಂಜಿನ್ನು. ಆದರೆ ದೊಡ್ಡ ಸಿಲಿಂಡರ್ ಕೂರಬೇಕಾದರೆ ಕೇಸಿನ, ಅಂದರೆ ಇಂಜಿನ್ನಿನ ಒಡಲಿನ, ನಾಲ್ಕು ತೂತುಗಳನ್ನೂ ಅಗಲ ಮಾಡಬೇಕು. ಕೂದಲೆಳೆಯಷ್ಟು ವಾಲಿದರೂ ಪಿಸ್ಟನ್ ಒಂದು ಮಗ್ಗುಲಿಗೆ ಉಜ್ಜಿಕೊಂಡು ಹಿಡಿದುಕೊಳ್ಳುತ್ತದೆ.

ಆ ಕೆಲಸ ಅದ್ನಾನನದು. ರಾಮನಗರದಲ್ಲಿ ಅವನಿಗೊಂದು ಲೇತ್ ಇದೆ, ಅಪ್ಪನ ಕಾಲದ್ದು. ಅಪ್ಪ ರೇಷ್ಮೆ ಬಿಚ್ಚುವ ಯಂತ್ರಗಳಿಗೆ ಬುಷ್ಷು, ಕಡ್ಡಿ ತಿರುವಿಕೊಡುತ್ತಿದ್ದವನು. ಎಲ್ಲ ಆಟೊಮ್ಯಾಟಿಕ್ ಆದ ಮೇಲೆ ಆ ಕೆಲಸ ತೆಳ್ಳಗಾಯಿತು. ಬಾಲರಾಜುವಿನ ಕೇಸುಗಳು ಅವನ ಕೈಹಿಡಿದವು. ತೂತು ಅಗಲ ಮಾಡುವ ಬೋರಿಂಗ್ ಮುಗಿದ ಕೇಸನ್ನು ಅದ್ನಾನ್ ಗೋಣಿಚೀಲದಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು, ಬಸ್ಸಿನಲ್ಲಿ ತಾನೇ ತರುತ್ತಿದ್ದ. ಬಾಲರಾಜು ಅಳತೆ ನೋಡುವಷ್ಟರಲ್ಲಿ ಅವನ ಹೆಂಡತಿ ಅಂಬುಜಮ್ಮನ ಕೈಯ ಮುದ್ದೆ ಸಾರು ಉಂಡು ಹೋಗುತ್ತಿದ್ದ.

ಈ ಮಾರ್ಚಿನಲ್ಲಿ ಕಟ್ಟಿದ ಇಂಜಿನ್ನು ಚೈತನ್ಯ ಎಂಬ ಕಾಲೇಜು ಮೇಷ್ಟರದು. ಕಾರು ಅವರ ತಂದೆ ವೆಂಕಟಯ್ಯನವರದು; ತೀರಿಕೊಂಡು ಮೂರು ವರ್ಷವಾಗಿತ್ತು. ಈ ಇಂಜಿನ್ನಿನ ಮೇಲೆ ಇನ್ನೂ ಒಂದು ಕಣ್ಣಿತ್ತು. ಚೈತನ್ಯರ ಕಾರು ಸಂಘದ ಯೋಗಾನಂದ ಎಂಬವರು ಆರು ಕೇಸುಗಳನ್ನು ಇಟ್ಟುಕೊಂಡು ಕಾಯುತ್ತಿದ್ದರು. ಇದು ಸರಿಹೋದರೆ ಆರೂ ಅದ್ನಾನನಿಗೇ ಎಂದಿದ್ದರು. ಆರು ಕೇಸೆಂದರೆ ಅವನಿಗೆ ಒಂದು ವರ್ಷದ ಕೆಲಸ. ಅವನು ಆಗಲೇ ಕೇಸನ್ನು ಲೇತಿಗೆ ಬಿಗಿಯುವ ಎರಡನೆಯ ಹಿಡಿಕಟ್ಟನ್ನೂ ಎರಕ ಹೊಯ್ಸಿಟ್ಟಿದ್ದ.

ಶನಿವಾರ ಬೆಳಿಗ್ಗೆ ಕೆಂಗಲ್‌ಗೆ ಹೋದರು. ಚೈತನ್ಯ, ಅವರ ತಾಯಿ ದೊಡ್ಡಲಕ್ಷ್ಮಮ್ಮ, ಬಾಲರಾಜು. ಪೂಜಾರಪ್ಪ ವಾಡಿಕೆಯಂತೆ ಹಾರ ಹಿಡಿದು ಕಾರಿನ ಮುಂದಕ್ಕೆ ಬಂದರು.

"ಮುಂದೆ ಬರೀ ಡಿಕ್ಕಿ ಸ್ವಾಮಿ. ಇಂಜಿನ್ ಹಿಂದೈತೆ" ಎಂದು ಬಾಲರಾಜು ನಗುತ್ತ ಹಿಂದಿನ ಮುಚ್ಚಳ ಎತ್ತಿದ. ಎಲ್ಲ ಕಾರಿಗೂ ಅವನು ಹೇಳುವ ಮಾತೇ ಅದು. ಪೂಜಾರಪ್ಪ ಇಂಜಿನ್ನಿಗೆ ಕುಂಕುಮ ಇಟ್ಟು, ಸೇವಂತಿಗೆ ಹಾರವನ್ನು ಮೇಲೆ ಹಾಕಿ, ಮಂಗಳಾರತಿ ಎತ್ತಿದರು. ಹೂವಾಡಗಿತ್ತಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಹಾರ ಅದು, ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ತಾಯಿಗೆ ಎಳನೀರು ತರುತ್ತೇನೆಂದು ಚೈತನ್ಯ ಅತ್ತ ಹೋದರು. ಬಾಲರಾಜು ಎಂದಿನಂತೆ ಹಾರ ತೆಗೆಯಲು ಕೈ ಹಾಕಿದ.

"ಹೂವ ತೆಗೀಬ್ಯಾಡ ಕಣಪ್ಪ" ಅಂದರು ದೊಡ್ಡಲಕ್ಷ್ಮಮ್ಮ. "ನಮ್ಮೆಜಮಾನ್ರು ಈ ಕಾರ್ ತಂದಾಗ ಹಾಕಿದ್ ಹಾರ ಮನೆಗಂಟ ಬಂದಿತ್ತು. ದೇವ್ರ ಹೂವ ಗುಡಿ ಬಾಗ್ಲಲ್ಲೇ ಕಿತ್ತಾಕ್ತಾರಾ ಯಾರಾದ್ರೂ?"

"ಇಂಜಿನ್ ತಾವು ಇರಬಾರ್ದು ಕಣವ್ವ. ಮುಂದಕ್ ಕಟ್ತೀನಿ."

"ಮುಂದೆ ಏನೈತೆ? ಬರೀ ಡಿಕ್ಕಿ ಅಂತ ನೀನೇ ಈಗ ಹೇಳ್ದಲ್ಲ ಪೂಜಾರಪ್ಪಂಗೆ. ಡಿಕ್ಕಿಗೆ ಹಾರ ಹಾಕಿ ಏನ್ ಮಾಡಾಣ?"

ಬಾಲರಾಜುವಿಗೆ ನಗು ಬಂತು. ಆ ಹೆಂಗಸಿನ ವಯಸ್ಸಿಗೆ, ಆ ಮಾತಿಗೆ, ಎದುರಾಡಲು ಬಾಯಿ ಬರಲಿಲ್ಲ. ಫ್ಯಾನಿನ ಬಾಯಿರುವುದು ಗೂಡಿನ ಆಚೆ ಮಗ್ಗುಲಲ್ಲಿ. ಈಚೆ ಬಿಗಿಯಾಗಿ ಕಟ್ಟಿದರೆ ತೊಂದರೆಯಿಲ್ಲ ಎಂದುಕೊಂಡ. ಮುಚ್ಚಳದ ಕೀಲಿಗೆ ಹಾರವನ್ನು ಬೈಂಡಿಂಗ್ ವೈರಿನಿಂದ ಎರಡು ಕಡೆ ಬಿಗಿದ. ದಾರ ಜಾರುವುದಿಲ್ಲವೆಂದು ಎಳೆದೂ ನೋಡಿದ. ಮುಚ್ಚಳ ಹಾಕಿದ. ಹಾರ ಜಾರುವುದರ ಬಗ್ಗೆ ಯೋಚಿಸಿದನೇ ಹೊರತು, ಎಸಳು ಉದುರುವುದರ ಬಗ್ಗೆ ಯೋಚಿಸಲಿಲ್ಲ.

ಚೈತನ್ಯ ಅವನನ್ನು ಗ್ಯಾರೇಜಿಗೆ ಬಿಟ್ಟು, ತಾಯಿಯೊಡನೆ ಬೆಂಗಳೂರಿನ ಕಡೆ ಹೊರಟರು. ಮಧ್ಯಾಹ್ನ ಅವನು ಊಟಕ್ಕೆ ಕೂತಿದ್ದಾಗ ಫೋನು ಬಂತು.

"ಬಾಲರಾಜು, ಇಂಜಿನ್ ನಿಂತುಬಿಡ್ತು. ಬಿಡದಿ ಹತ್ರ. ನೀವು ಹೇಳಿದ ಹಾಗೆ ಅರವತ್ತು ದಾಟಿಲ್ಲ ನಾನು. ಒಂದು ಸಲ ಕಿರುಚಿತು, ಹಿಂದಿನ ಚಕ್ರಾನೇ ಹಿಡ್ಕೊಂಡ್ತು."

"ಅಮ್ಮಾವ್ರು?"

"ಚೆನ್ನಾಗಿದ್ದಾರೆ. ಹೆದರಿಬಿಟ್ಟಿದ್ದಾರೆ ಅಷ್ಟೆ."

ಫೋನಿಟ್ಟು ಮುದ್ದೆ ಮುರಿದ. ಅಂಬುಜಮ್ಮ ಸಾರಿನ ಸೌಟು ಹಿಡಿದು ನಿಂತಿದ್ದಳು.

"ಏನಂತೆ?"

"ಸೀಜಾಯ್ತಂತೆ."

"ಯಾವ್ದು, ಬೆಳಿಗ್ಗೆ ಹೋದದ್ದಾ? ಅಯ್ಯೋ ಶಿವನೆ!"

"ಒಸಿ ಸಾರು ಬುಡು" ಅಂದ ಬಾಲರಾಜು.

ಇಪ್ಪತ್ತೆರಡು ವರ್ಷದಲ್ಲಿ ಅವನ ಕೈಯ ಇಂಜಿನ್ನು ಹೀಗೆ ದಾರಿಯಲ್ಲಿ ನಿಂತಿರಲಿಲ್ಲ. ಎದೆ ಹೊಡೆದುಕೊಳ್ಳಬೇಕಿತ್ತು, ತುತ್ತು ಗಂಟಲಲ್ಲಿ ಇಳಿಯಬಾರದಿತ್ತು. ಇಳಿಯಿತು. ಹಲ್ಲು ಕೀಳಿಸಿಕೊಂಡ ದಿನ ದವಡೆ ಇರುತ್ತದಲ್ಲ, ಮುಟ್ಟಿದರೆ ಬೇರೆ ಯಾರದೋ ಕೆನ್ನೆ ಮುಟ್ಟಿದ ಹಾಗೆ, ಅವನ ಒಳಗೆಲ್ಲ ಹಾಗಿತ್ತು.

ಭಾನುವಾರ ಕಾರನ್ನು ಎಳೆದುಕೊಂಡು ಬಂದರು. ಚೈತನ್ಯರ ಜೊತೆ ಯೋಗಾನಂದರೂ ಬಂದಿದ್ದರು. ಮುಚ್ಚಳ ತೆಗೆದಾಗ ಕೀಲಿನಲ್ಲಿ ದಾರ, ನಾಲ್ಕು ತೊಟ್ಟು, ವೈರು ಇದ್ದವು. ಬಾಲರಾಜು ಅವನ್ನು ಬಿಡಿಸಿ ಅತ್ತ ಎಸೆದ. ಬಾಡಿದ ಹಾರವನ್ನು ಎಸೆಯುವುದಕ್ಕೆ ಯೋಚನೆ ಯಾಕೆ.

ಯೋಗಾನಂದ ಬಗ್ಗಿ ನೋಡಿ, ಅಲುಗದ ಬೆಲ್ಟಿನ ರಾಟೆಯನ್ನು ತಿರುಗಿಸಲು ನೋಡಿ, ಎದ್ದುನಿಂತು ಕೈ ಒರೆಸಿಕೊಂಡರು. "ನಾನು ಮೊದಲೇ ಹೇಳಿದ್ದೆ ಚೈತನ್ಯ. ಕೇಸ್ ಬೋರಿಂಗ್ ಅಂದ್ರೆ ರೇಷ್ಮೆ ಮೆಷಿನ್ನಿನ ಬುಷ್ ತಿರುವಿದಂಗಲ್ಲ. ಕೊಯಮತ್ತೂರಿಗೆ ಕಳಿಸಬೇಕಿತ್ತು."

"ಬಿಚ್ಚದೇ ಹೆಂಗ್ ಹೇಳ್ತೀರ ಸಾರ್" ಅಂದ ಬಾಲರಾಜು.

"ಬಿಚ್ಚಿ. ಮೂರನೇ ಸಿಲಿಂಡರೇ ಹಿಡಿದಿರುತ್ತೆ, ನೋಡ್ತಿರಿ. ನಾವು ಗುರುವಾರ ಬರ್ತೀವಿ."

ಯೋಗಾನಂದ ಅಲ್ಲೇ ಅದ್ನಾನನಿಗೂ ಫೋನ್ ಮಾಡಿ ಸಂಗತಿ ತಿಳಿಸಿದರು. ಆ ಕಡೆಯಿಂದ "ಇರಬೋದು ಸಾರ್" ಎಂದಷ್ಟೇ ಕೇಳಿಸಿತು.

ಸೋಮವಾರ ಬೆಳಿಗ್ಗೆ ಬಾಲರಾಜು ಒಬ್ಬನೇ ಇಂಜಿನ್ ಇಳಿಸಿ ಗೂಡು ಬಿಚ್ಚಿದ. ಗೂಡಿನೊಳಗೆ ಎಡಕ್ಕೆ, ಮೂರನೆಯ ಸಿಲಿಂಡರಿನ ತಲೆಯ ಮೇಲೇ ಆಯಿಲ್ ಕೂಲರ್ ನಿಂತಿರುತ್ತದೆ. ಹಾಗಾಗಿ ಮೂರನೆಯದಕ್ಕೆ ಹುಟ್ಟಿನಿಂದಲೇ ಗಾಳಿ ಕಡಿಮೆ. ಈ ಕಸುಬಿನವರಿಗೆಲ್ಲ ಗೊತ್ತು. ಆ ಕೂಲರಿನ ಸಂದುಸಂದಿನಲ್ಲೂ ಕಂದು ಬಣ್ಣದ ಏನೋ ಮೆತ್ತಿಕೊಂಡಿತ್ತು. ಮೊದಲು ಇಲಿಗೂಡು ಅಂದುಕೊಂಡ. ಬಿದಿರುಕಡ್ಡಿಯಿಂದ ಕೆದಕಿ ಅಂಗೈಗೆ ಹಾಕಿಕೊಂಡ. ಸೇವಂತಿಗೆಯ ಎಸಳು. ಒದ್ದೆಯಾಗಿಯೇ ಫ್ಯಾನಿನ ಬಾಯಿಗೆ ಹೋಗಿ, ಒಂದರ ಮೇಲೊಂದು ಅಂಟಿ, ಬೆಂದು ರೊಟ್ಟಿಯಾಗಿದ್ದವು. ಕೆಳಗೆ ಸಿಲಿಂಡರಿನ ಪಟ್ಟಿಗಳ ನಡುವೆಯೂ ಅವೇ.

ಬೋರಿಂಗ್ ವಾಲಿರಲಿಲ್ಲ. ಗಾಳಿ ನಿಂತಿತ್ತು. ನಿಲ್ಲಿಸಿದವನು ತಾನು.

ಕೆದಕಿದ್ದನ್ನೆಲ್ಲ ಒಂದು ಹಳೇ ಗ್ರೀಸ್ ಡಬ್ಬಿಗೆ ತುಂಬಿ ಶೆಲ್ಫಿನ ಮೇಲಿಟ್ಟ. ಬಚ್ಚಿಡಲಿಲ್ಲ, ಎದುರಿಗೂ ಇಡಲಿಲ್ಲ. ಅದ್ನಾನನಿಗೆ ಫೋನ್ ಮಾಡಬೇಕು ಎಂಬುದು ಗೊತ್ತಿತ್ತು. ಶೆಡ್ಡಿಗೆ ನಾಲ್ಕು ಕಂಬ ಇವೆ ಎಂಬುದು ಗೊತ್ತಿದ್ದ ಹಾಗೆ ಗೊತ್ತಿತ್ತು. ಆಮೇಲೆ ಒಂದು ಆಟೋದ ಬ್ರೇಕು ಸರಿಮಾಡಿದ.

ಮಂಗಳವಾರ ಅದ್ನಾನನೇ ಬಂದ. ಎಂದಿನಂತೆ "ಏನ್ ಬಾಲಣ್ಣ" ಎನ್ನಲಿಲ್ಲ. ಹೆಡ್ಡು ಬಿಚ್ಚಿದ್ದ ಮೂರನೆಯ ಸಿಲಿಂಡರಿನೊಳಗೆ ಟಾರ್ಚು ಬಿಟ್ಟು, ಗೀರುಗಳ ಮೇಲೆ ಉಗುರು ಎಳೆದ. ಪಿಸ್ಟನ್ ಕಚ್ಚಿಕೊಂಡಿದ್ದರಿಂದ ಸಿಲಿಂಡರ್ ಇನ್ನೂ ಕೇಸಿನಿಂದ ಹೊರಗೆ ಬಂದಿರಲಿಲ್ಲ. ಅದು ಬಾರದೆ ಅವನು ಕೊರೆದ ತೂತಿನ ಅಳತೆ ನೋಡುವಂತಿರಲಿಲ್ಲ.

"ನನ್ ಕೈನದ್ದೇ ಇದು" ಅಂದ ಅದ್ನಾನ್. "ಆವತ್ತು ಮೂರನೇದಕ್ಕೆ ಕೊನೇ ಕಟ್ ಹಾಕ್ತಿದ್ದಂಗೆ ಕರೆಂಟ್ ಡಿಮ್ಮಾಯ್ತು. ಲೇತ್ ಒಂದ್ಸಲ ಉಸಿರು ಬಿಟ್ಟಂಗಾಯ್ತು. ಅಳತೆ ನೋಡ್ದೆ, ಸರಿ ಇತ್ತು. ಆದ್ರೂ ಮನಸಲ್ಲಿ ಕೂತ್ಬುಟ್ಟಿತ್ತು. ನಿಂಗೆ ಹೇಳ್ಲಿಲ್ಲ ನಾನು. ಹೇಳ್ಬೇಕಿತ್ತು."

ಬಾಲರಾಜು ಸ್ಪ್ಯಾನರ್ ಒರೆಸುತ್ತಿದ್ದ.

"ಯೋಗಾನಂದ್ ಸಾರ್‌ಗೆ ಹೇಳ್ಬುಟ್ಟೆ. ಆರು ಕೇಸೂ ಕೊಯಮತ್ತೂರಿಗೇ ಕಳ್ಸಿ, ನನ್ ಲೇತ್ ಮೇಲೆ ನಂಗೇ ನಂಬ್ಕೆ ಇಲ್ಲ ಅಂತ."

"ಯಾವಾಗ ಕಳ್ಸಾದು?"

"ನಾಳೆ ಬೆಳಿಗ್ಗೆ ಲಾರಿಗೆ ಹಾಕ್ತಾರಂತೆ."

ಅಂಬುಜಮ್ಮ ಒಳಗಿನಿಂದ ಕೂಗಿದಳು: "ಅದ್ನಾನಣ್ಣ, ಕೈ ತೊಳ್ಕೊ. ಅವರೇಕಾಳ್ ಸಾರು."

"ಹಸಿವಿಲ್ಲ ಅಕ್ಕ."

"ನೀನು ಹಸಿವಿಲ್ಲ ಅಂದ್ರೆ ಸೂರ್ಯ ಆ ಕಡೆ ಹುಟ್ಟಿದಂಗೆ. ಬಾ, ಬಾ."

ಅರ್ಧ ಮುದ್ದೆ ಉಂಡು ಹೋದ. ಬಾಲರಾಜು ಅವನ ಪಕ್ಕದಲ್ಲೇ ಕೂತು ಉಂಡ. ಡಬ್ಬಿ ಶೆಲ್ಫಿನ ಮೇಲಿತ್ತು. ಹೇಳಲು ಬಾಯಿ ತೆರೆದ ಅಂತಲೂ ಇಲ್ಲ, ತಡೆದುಕೊಂಡ ಅಂತಲೂ ಇಲ್ಲ. ಬಸ್ಸು ಬಂತು, ಅದ್ನಾನ್ ಹತ್ತಿದ.

ಬುಧವಾರ ಬೆಳಿಗ್ಗೆ ಎಂಟಾಯಿತು, ಒಂಬತ್ತಾಯಿತು. ಲಾರಿ ಹೊರಟಿರುತ್ತದೆ ಎಂದು ಬಾಲರಾಜು ಗಡಿಯಾರ ನೋಡಿದ. ಸಂಜೆ ಅಂಬುಜಮ್ಮ ಶೆಡ್ಡು ಗುಡಿಸುವಾಗ ಡಬ್ಬಿ ಇಳಿಸಿ ಮೂಸಿದಳು.

"ಈ ಸುಟ್ಟ ಹೂವ ಯಾಕ್ ಮಡಗಿದ್ದೀರ?"

"ಮೇಷ್ಟರ ಇಂಜಿನ್ ಒಳಗಿತ್ತು. ಅದಕ್ಕೇ ಸೀಜಾಗಿದ್ದು. ಕೆಂಗಲ್ನಾಗೆ ನಾನೇ ಕಟ್ಟಿದ್ದೆ."

ಅವಳು ಪೊರಕೆ ಗೋಡೆಗೆ ಒರಗಿಸಿದಳು. "ಯಾವಾಗ ನೋಡಿದ್ರಿ?"

"ಮೊನ್ನೆ."

"ನಿನ್ನೆ ಆಯಪ್ಪ ಇಲ್ಲೇ ಕೂತು ಉಂಡ್ನಲ್ಲ" ಅಂದಳು ಅಂಬುಜಮ್ಮ. "ನಾನು ಬಲವಂತ ಮಾಡಿ ಬಡಿಸ್ದೆ. ನೀವ್ ಪಕ್ಕದಲ್ಲೇ ಇದ್ರಲ್ಲ."

ಡಬ್ಬಿಯನ್ನು ಎಸೆಯದೆ, ಶೆಲ್ಫಿನ ಮೇಲೂ ಇಡದೆ, ಕೆಲಸದ ಮೇಜಿನ ನಡುವೆ ಇಟ್ಟು ಒಳಗೆ ಹೋದಳು. ಬಾಲರಾಜು ಅದನ್ನು ನೋಡುತ್ತ ಕೂತ. ಸ್ವಲ್ಪ ಹೊತ್ತಿನ ಮೇಲೆ ಅದ್ನಾನನಿಗೆ ಫೋನ್ ಮಾಡಿ, "ನಾಳೆ ಹತ್ತು ಗಂಟೆಗೆ ಬಾ. ಅಳತೆ ನೋಡೋ ಗೇಜ್ ತಗೊಂಡ್ ಬಾ" ಅಂದ.

ಗುರುವಾರ ಚೈತನ್ಯ ಒಬ್ಬರೇ ಬಂದರು. ಯೋಗಾನಂದರಿಗೆ ಬೇರೆ ಕೆಲಸವಿತ್ತು. ಅದ್ನಾನ್ ಬಾಗಿಲ ಬಳಿ, ಚೀಲ ಹೆಗಲಿನಿಂದ ಇಳಿಸದೆ ನಿಂತಿದ್ದ. ಬಾಲರಾಜು ಡಬ್ಬಿಯನ್ನು ಪೇಪರಿನ ಮೇಲೆ ಮಗುಚಿದ.

"ಇದು ಕೂಲರಿನಲ್ಲಿತ್ತು. ಹಾರದ ಎಸಳು. ಗಾಳಿ ಕಟ್ಕೊಂಡು ಮೂರನೇದು ಬೆಂದೋಗೈತೆ. ಬೋರಿಂಗ್‌ದೇನೂ ತಪ್ಪಿಲ್ಲ ಸಾರ್. ತಪ್ಪು ನಂದು."

ಚೈತನ್ಯ ಒಂದು ಎಸಳನ್ನು ಎತ್ತಿಕೊಂಡರು. ಅದು ಬೆರಳಲ್ಲೇ ಪುಡಿಯಾಯಿತು. "ನೀವು ಹಾರ ತೆಗೆದು ಮುಂದೆ ಕಟ್ತೀರಿ ಅಂತ ಎಲ್ಲರೂ ಹೇಳ್ತಾರಲ್ಲ. ಅಮ್ಮ ಏನಾದ್ರೂ ಅಂದ್ರಾ?"

"ಕಟ್ಟಿದ್ದು ನಾನು ಸಾರ್. ವೈರ್ ಬಿಗಿದಿದ್ದು ನಾನು. ಸಿಲಿಂಡರ್, ಪಿಸ್ಟನ್ ನಂದೇ ಹಾಕಿ ಕಟ್ಕೊಡ್ತೀನಿ."

ಚೈತನ್ಯ ಅವನ ಮುಖವನ್ನೇ ನೋಡಿದರು. ಬೆರಳಿಗಂಟಿದ ಪುಡಿ ಒರೆಸಿಕೊಂಡು, "ಆಯ್ತು, ಕಟ್ಟಿ" ಅಂದರು.

ಅದ್ನಾನ್ ಮೇಜಿನ ಹತ್ತಿರ ಬಂದ. ಪುಡಿಯನ್ನು ಮುಟ್ಟಲಿಲ್ಲ.

"ಯಾವತ್ ಬಿಚ್ದೆ?"

"ಸೋಮವಾರ."

"ನಾನು ಬಂದಾಗ ಇದು ಎಲ್ಲಿತ್ತು?"

"ಶೆಲ್ಫ್ ಮೇಲೆ."

ಚೈತನ್ಯ ಮೆಲ್ಲಗೆ ಶೆಡ್ಡಿನಿಂದ ಹೊರಗೆ ಹೋದರು. ಅದ್ನಾನ್ ಕೂಗಾಡಲಿಲ್ಲ. ಕೂಗಾಡಿದ್ದರೆ ಬಾಲರಾಜು ತಲೆ ತಗ್ಗಿಸಿ ಕೇಳಿಸಿಕೊಳ್ಳಬಹುದಿತ್ತು.

"ಯೋಗಾನಂದ್ ಸಾರ್‌ಗೆ ಫೋನ್ ಹಚ್ಚು" ಅಂದ. "ಹೂವಿಂದೂ ಹೇಳು. ಸೋಮವಾರ ನೋಡ್ದೆ ಅನ್ನೋದೂ ಹೇಳು."

ಬಾಲರಾಜು ಸ್ಪೀಕರ್ ಹಾಕಿ ಎರಡನ್ನೂ ಹೇಳಿದ. ಮೊದಲನೆಯದು ಸಲೀಸಾಗಿ ಬಂತು. ಎರಡನೆಯದಕ್ಕೆ ಬಂದಾಗ ಮಾತು ನಡುವೆಯೇ ತುಂಡಾಯಿತು. ಕೆಮ್ಮಿ, ಮತ್ತೆ ಮೊದಲಿಂದ ಹೇಳಬೇಕಾಯಿತು.

"ಛೆ" ಅಂದರು ಯೋಗಾನಂದ. "ಕೇಸುಗಳು ಆಗಲೇ ಅವರ ಮೆಷಿನ್ ಮೇಲೆ ಕೂತಿವೆಯಲ್ರೀ. ಅದ್ನಾನ್‌ಗೆ ಹೇಳಿ, ಮುಂದೆ ಯಾವುದಾದ್ರೂ ಬಂದ್ರೆ ನೋಡೋಣ ಅಂತ."

"ಕೇಳಿಸ್ತು ಸಾರ್" ಅಂದ ಅದ್ನಾನ್.

ಚೈತನ್ಯ ಹೊರಟ ಮೇಲೆ ಇಬ್ಬರೂ ಸೇರಿ, ಬಿಸಿ ಮಾಡಿ, ಮರದ ಸುತ್ತಿಗೆಯಲ್ಲಿ ಬಡಿದು, ಸಿಲಿಂಡರನ್ನು ಕೇಸಿನಿಂದ ಬಿಡಿಸಿದರು. ಕೆಲಸದ ಮಾತು ಬಿಟ್ಟರೆ ಬೇರೆ ಮಾತಿರಲಿಲ್ಲ. ಹಿಡ್ಕೊ. ಒಸಿ ಈ ಕಡೆ. ಸಾಕು. ಅದ್ನಾನ್ ತೂತನ್ನು ಒರೆಸಿ ಗೇಜು ಇಳಿಸಿ ಸುತ್ತಲೂ ತಿರುಗಿಸಿದ. ಮುಳ್ಳು ಅಲುಗಲಿಲ್ಲ. ಇನ್ನೊಂದು ಆಳದಲ್ಲಿ ನೋಡಿದ, ಮತ್ತೊಂದರಲ್ಲಿ ನೋಡಿದ.

"ನೋಡು."

ಬಾಲರಾಜು ನೋಡಿದ. "ಸರಿ ಐತೆ."

"ನಾಲ್ಕು ರಾತ್ರಿ ಆ ಕರೆಂಟ್ ಡಿಮ್ಮಾಗಿದ್ನೇ ನೋಡ್ತಾ ಮಲಗಿದ್ದೀನಿ" ಅಂದ ಅದ್ನಾನ್, ಗೇಜನ್ನು ಬಟ್ಟೆಯಲ್ಲಿ ಸುತ್ತುತ್ತ. "ತಪ್ಪು ಯಾರಿಗಾಗಲ್ಲ? ಹೂವಿಂದಕ್ಕೆ ನಂಗೇನೂ ಬೇಜಾರಿಲ್ಲ. ಯಾಕೆ ಹೇಳ್ಲಿಲ್ಲ ನೀನು?"

ಬಾಲರಾಜು ನಿಜವಾಗಿ ಹುಡುಕಿದ. ಹೆದರಿಕೆ ಎನ್ನೋಣವೆಂದರೆ ಹೆದರಿಕೆ ಆಗಿರಲಿಲ್ಲ. ಮರ್ಯಾದೆ ಎನ್ನಲೂ ಆಗಲಿಲ್ಲ. "ಗೊತ್ತಿಲ್ಲ ಕಣ್ಲಾ" ಅಂದ. "ಏನೂ ಅನ್ನಿಸ್ಲೇ ಇಲ್ಲ."

"ಹೂಂ."

ಅದ್ನಾನ್ ಚೀಲ ಹೆಗಲಿಗೇರಿಸಿದ. "ಕೇಸ್ ಇದ್ರೆ ಮಾಡ್ಕೊಡ್ತೀನಿ, ಕೆಲ್ಸಕ್ಕೇನು. ಆದ್ರೆ ನೀನೇ ಹೊತ್ಕೊಂಡ್ ಬಾ, ನೀನೇ ಹೊತ್ಕೊಂಡ್ ಹೋಗು. ನಾನು ಇಲ್ಲಿಗೆ ಬರಾಕಿಲ್ಲ."

ಅಂಬುಜಮ್ಮ ತಟ್ಟೆ ಹಿಡಿದು ಬಾಗಿಲಿಗೆ ಬಂದಿದ್ದಳು.

"ಬ್ಯಾಡ ಅಕ್ಕ, ಬಸ್ ಬಂತು" ಎಂದು ಅವನು ರಸ್ತೆಗಿಳಿದ.

ಬಸ್ಸು ಬಂದಿರಲಿಲ್ಲ. ಅದ್ನಾನ್ ರಸ್ತೆಯಾಚೆ ನೆರಳಿಲ್ಲದ ಕಡೆ, ಗ್ಯಾರೇಜಿಗೆ ಬೆನ್ನು ಹಾಕಿ, ಚೀಲವನ್ನು ಕಾಲಿನ ನಡುವೆ ಇಟ್ಟುಕೊಂಡು ನಿಂತ. ಹನ್ನೆರಡರ ಬಿಸಿಲು. ಬಾಲರಾಜು ಶೆಡ್ಡಿನ ಅಂಚಿನಲ್ಲಿ ನಿಂತು ನೋಡುತ್ತಿದ್ದ. ಒಂದು ಬಸ್ಸು ನಿಲ್ಲಿಸದೆ ಹೋಯಿತು. ಅದ್ನಾನ್ ಕರ್ಚೀಫು ತೆಗೆದು ಕತ್ತಿನ ಹಿಂಭಾಗ ಒರೆಸಿಕೊಂಡ. ಆಗ, ಮರಗಟ್ಟಿದ್ದು ಬಿಟ್ಟ ದವಡೆಯ ಹಾಗೆ, ಬಾಲರಾಜುವಿನ ಎದೆಯಲ್ಲಿ ಎಲ್ಲೋ ಒಂದು ಕಡೆ ನೋಯಲು ಶುರುವಾಯಿತು. ಅವನು ಕಂಬ ಹಿಡಿದುಕೊಂಡು, ಇನ್ನೊಂದು ಬಸ್ಸು ಬಂದು ಅದ್ನಾನನನ್ನು ಹತ್ತಿಸಿಕೊಂಡು ಹೋಗುವವರೆಗೂ, ಅಲ್ಲೇ ನಿಂತಿದ್ದ.